ಗದ್ದೆಯಲ್ಲಿ ನಿಂತ ಅಧ್ಯಕ್ಷರು

ರೇಣುಕಪ್ಪನ ಪರಿಚಯವಾಗುವುದಕ್ಕಿಂತ ಮೊದಲು ಶ್ರೀಕಾಂತ ಮೇಷ್ಟ್ರಿಗೆ ಪರಿಚಯವಾದದ್ದು ನೆಪೋಲಿಯನ್.

ಮೇಷ್ಟ್ರು ಆಗಷ್ಟೇ ನರಸಿಂಹರಾಜಪುರದ ಕಡೆಗೆ ವರ್ಗವಾಗಿ ಬಂದಿದ್ದರು. ಕಡಹಿನಬೈಲಿನಲ್ಲಿ ಬಸ್ಸಿಳಿದು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಶಾಲೆಗೆ ದಾರಿ ಯಾವುದೆಂದು ಸುತ್ತಲೂ ನೋಡಿದರು. ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಪಕ್ಕದ ಗದ್ದೆಯಲ್ಲಿ ಮಾತ್ರ ಉದ್ದ ಕೋಟು ತೊಟ್ಟು, ತಲೆಯ ಮೇಲೆ ಎರಡು ಮೂಲೆಯ ದೊಡ್ಡ ಟೋಪಿ ಇಟ್ಟುಕೊಂಡ ಒಬ್ಬರು ಅತ್ತ ಮುಖ ಮಾಡಿ ನಿಂತಿದ್ದರು. ಹೈಸ್ಕೂಲಿಗೆ ಹೀಗೇ ಹೋಗಬೇಕೇ ಎಂದು ಮೇಷ್ಟ್ರು ಕೇಳಿದರು. ಉತ್ತರವಿಲ್ಲ. ಕೇಳಿಸಲಿಲ್ಲವೇನೋ ಎಂದು ಸ್ವಲ್ಪ ಗಟ್ಟಿಯಾಗಿ, ಈ ಸಲ 'ಸ್ವಾಮೀ' ಸೇರಿಸಿ ಕೇಳಿದರು. ಆಗಲೂ ಇಲ್ಲ. ಮೂರನೆಯ ಸಲ ಮೇಷ್ಟ್ರು ಚಪ್ಪಲಿ ಬಿಟ್ಟು ಗದ್ದೆಯ ಅಂಚಿಗೆ ಇಳಿದು, ಕೊಡೆಯನ್ನು ಎಡಗೈಗೆ ವರ್ಗಾಯಿಸಿ, ಬಲಗೈ ಎದೆಯ ಮೇಲಿಟ್ಟು, 'ತಮ್ಮ ಕೆಲಸಕ್ಕೆ ಅಡ್ಡಿಯಾಯಿತೇನೋ' ಎಂದು ಆರಂಭಿಸಿದರು.

ಆಗ ನಾಲ್ಕು ಕಂಬದ ಮೇಲೆ ಕಟ್ಟಿದ ಕಾವಲು ಮಾಳದಿಂದ ಒಂದು ದನಿ ಕೇಳಿತು.

"ಅವರಿಗೆ ಕನ್ನಡ ಬರಲ್ಲ ಮೇಷ್ಟ್ರೇ. ಫ್ರಾನ್ಸಿನವರು."

ಮಾಳದ ಮೇಲೆ ಕಂಬಳಿ ಹೊದ್ದು ಕೂತಿದ್ದ ರೇಣುಕಪ್ಪ ಮೊದಲನೆಯ ಪ್ರಶ್ನೆಗೇ ಬಾಯಿ ಬಿಡಬಹುದಾಗಿತ್ತು. ಬೇಕೆಂದೇ ಬಿಟ್ಟಿರಲಿಲ್ಲ. ಉತ್ತರ ಸಿಗದ ಮನುಷ್ಯ ಸಿಟ್ಟಿನ ಕಡೆಗೆ ಹೋಗುತ್ತಾನೋ ಮರ್ಯಾದೆಯ ಕಡೆಗೆ ಹೋಗುತ್ತಾನೋ ಎಂದು ನೋಡುವುದು ಅವನ ಒಂದು ಚಟ. ಬಹಳ ಜನ ಮರ್ಯಾದೆಯ ಕಡೆಗೇ ಹೋಗುತ್ತಾರೆ ಎನ್ನುವುದು ಅವನ ಅನುಭವ. ಮೇಷ್ಟ್ರೂ ಅದೇ ದಾರಿ ಹಿಡಿದದ್ದು ಕಂಡು ಅವನಿಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಕೆಳಗಿಳಿದು ಬಂದು ಶಾಲೆಯವರೆಗೂ ಜೊತೆಯಲ್ಲಿ ನಡೆದ. ಹೊಸಬರು ಪಾಠ ಮಾಡುವುದು ಚರಿತ್ರೆಯನ್ನೇ ಎಂದು ದಾರಿಯಲ್ಲಿ ಗೊತ್ತಾದಾಗ, ಬಹಳ ದಿನದಿಂದ ಕಾಯುತ್ತಿದ್ದ ನೆಂಟ ಮನೆಗೆ ಬಂದಷ್ಟು ಸಂತೋಷಪಟ್ಟ.

ರೇಣುಕಪ್ಪ ಒಂಬತ್ತನೆಯ ತರಗತಿಗೆ ಶಾಲೆ ಸಾಕೆನಿಸಿ ಗದ್ದೆಗೆ ಬಂದವನು. ಅವನಿಗೆ ಚರಿತ್ರೆಯ ಹುಚ್ಚು ಹಿಡಿದದ್ದು ಮಗಳು ಶಿಲ್ಪಶ್ರೀ ಮದುವೆಯಾಗಿ ಬಾಳೆಹೊನ್ನೂರಿಗೆ ಹೋದ ಮೇಲೆ. ಅವಳ ಪಠ್ಯಪುಸ್ತಕಗಳು ಅಟ್ಟದ ಮೇಲೆ ಉಳಿದಿದ್ದವು. ಒಂದು ಮಳೆಗಾಲ ಹೊತ್ತು ಹೋಗದೆ ಒಂದನ್ನು ಕೆಳಗಿಳಿಸಿ ಬಿಡಿಸಿದಾಗ ಸಿಕ್ಕಿದ್ದು ಒಂದು ಪಾಠದ ಕೊನೆ: 'ಸಾಮ್ರಾಜ್ಯದ ಅವನತಿಗೆ ಕಾರಣಗಳು.' ಓದಿದ. ಮುಂದಿನ ಪಾಠದ ಕೊನೆಗೆ ಹಾರಿದ. ಅಲ್ಲಿಯೂ ಅವನತಿಗೆ ಕಾರಣಗಳು. ಹೀಗೆ ಒಂದೇ ಮಳೆಗಾಲದಲ್ಲಿ ರೋಮಿನಿಂದ ಹಿಡಿದು ಈಚಿನವರೆಗೆ ಎಲ್ಲ ಸಾಮ್ರಾಜ್ಯಗಳೂ ಅವನ ಜಗಲಿಯ ಮೇಲೆ ಉರುಳಿಬಿದ್ದವು. ಯಾರು ಹೇಗೆ ಗೆದ್ದರು ಎನ್ನುವುದು ಅವನಿಗೆ ಬೇಕಾಗಿರಲಿಲ್ಲ. ಚರಿತ್ರೆಯನ್ನು ಹಿಂದಿನಿಂದ ಓದಬೇಕು, ಬೀಳುವುದನ್ನು ಮೊದಲು ತಿಳಿದುಕೊಂಡರೆ ಆಮೇಲೆ ದಂಡಯಾತ್ರೆಯ ಭಾಗ ಓದುವಾಗ ಒಳ್ಳೆಯ ನಗು ಬರುತ್ತದೆ ಎಂದು ಹೆಂಡತಿ ಅನ್ನಪೂರ್ಣಮ್ಮನಿಗೆ ಹೇಳುತ್ತಿದ್ದ. ದಂಡಯಾತ್ರೆ ಯಾವುದಾದರೂ ಇರಲಿ, ಕೊಟ್ಟಿಗೆಯ ಗೊಬ್ಬರ ತೆಗೆದು ಓದಿ ಎಂದು ಆಕೆ ಹೇಳುತ್ತಿದ್ದಳು.

ಆ ಹುಚ್ಚು ಗದ್ದೆಗೆ ಇಳಿದದ್ದು ಮಂಗಗಳಿಂದ. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡಿನ ಕಡೆಯಿಂದ ಮಂಗಗಳ ಹಿಂಡು ಬರುತ್ತದೆ. ತಿನ್ನುವುದಕ್ಕಿಂತ ಹರಿದು ಎಸೆಯುವುದೇ ಹೆಚ್ಚು. ಎಲ್ಲರ ಗದ್ದೆಯಲ್ಲೂ ಒಂದೊಂದು ಬೆರ್ಚಪ್ಪನಿರುತ್ತಾನೆ. ಎರಡು ಕೋಲು, ಒಂದು ಹರಕು ಅಂಗಿ, ಸುಣ್ಣದ ಬೊಟ್ಟಿಟ್ಟ ಮಡಕೆ ತಲೆ. ಮಂಗಗಳಿಗೆ ಈ ಬೆರ್ಚಪ್ಪಂದಿರೆಲ್ಲ ಹತ್ತಿರದ ಬಂಧುಗಳ ಹಾಗೆ ಆಗಿಬಿಟ್ಟಿದ್ದರು. ಮನುಷ್ಯರನ್ನು ಹೆದರಿಸಿದವರು ಮಂಗಗಳನ್ನೂ ಹೆದರಿಸಬಹುದು ಎಂದು ರೇಣುಕಪ್ಪನಿಗೆ ಹೊಳೆಯಿತು. ಆ ವರ್ಷ ಅವನ ಗದ್ದೆಯಲ್ಲಿ ನೀರೋ ಚಕ್ರವರ್ತಿ ನಿಂತ, ಕೈಯಲ್ಲಿ ಕೊಳಲು ಹಿಡಿದುಕೊಂಡು. ಮುಂದಿನ ವರ್ಷ ಕುದುರೆಯಿಲ್ಲದ ಚೆಂಗೀಸ್ ಖಾನ್. ಆಮೇಲೆ ಕುಂಪಣಿ ಸರ್ಕಾರದ ಒಬ್ಬ ದೊರೆ, ಹೆಸರಿಲ್ಲದವನು. ನೆಪೋಲಿಯನ್ನನ ಟೋಪಿ ಅಡಿಕೆ ಹಾಳೆಯದು. ಎದೆಯ ಪದಕಗಳು ಸೋಡಾ ಬಾಟಲಿಯ ಮುಚ್ಚಳ.

ತಪ್ಪುಗಳು ಬೇಕಾದಷ್ಟಿದ್ದವು. ನೀರೋ ಕೊಳಲು ಊದಿದವನಲ್ಲ, ನೆಪೋಲಿಯನ್ನನಿಗೆ ಮೀಸೆಯೇ ಇರಲಿಲ್ಲ ಎಂದು ಮೇಷ್ಟ್ರು ತಿದ್ದಿದರು. ಮಂಗಗಳಿಗೆ ಪಬ್ಲಿಕ್ ಪರೀಕ್ಷೆ ಇಲ್ಲ ಎಂದು ರೇಣುಕಪ್ಪ ಸಮಾಧಾನ ಹೇಳಿದ.

ಯಾವ ಚಕ್ರವರ್ತಿಯೂ ಹೆಚ್ಚು ದಿನ ಬಾಳಲಿಲ್ಲ. ಮಂಗಗಳು ಮೊದಲು ದೂರದ ಹಲಸಿನ ಮರದಲ್ಲಿ ಕೂತು ನೋಡುತ್ತವೆ. ಆಮೇಲೆ ಒಂದು ಗಡವ ಅಂಚಿನವರೆಗೆ ಬಂದು, ಏನೂ ಆಗದಿರುವುದನ್ನು ನೋಡಿಕೊಂಡು ವಾಪಸು ಹೋಗುತ್ತದೆ. ಇನ್ನೊಂದು ದಿನ ಅದೇ ಗಡವ ಚಕ್ರವರ್ತಿಯ ಬೆನ್ನ ಹಿಂದೆ ಬಂದು ಕೋಟನ್ನು ಒಮ್ಮೆ ಎಳೆಯುತ್ತದೆ. ಅಷ್ಟೇ. ಸಂಜೆಯ ಹೊತ್ತಿಗೆ ಕಿರೀಟ ಒಂದು ಮರಿಯ ತಲೆಯ ಮೇಲಿರುತ್ತದೆ.

"ಇವನಿಗೆ ಕೈಕಾಲು ಆಡಲ್ಲ ಅಂತ ಮಂಗನಿಗೆ ವಾರದೊಳಗೆ ಗೊತ್ತಾಗ್ತದೆ ಮೇಷ್ಟ್ರೇ," ಎನ್ನುತ್ತಿದ್ದ ರೇಣುಕಪ್ಪ. "ನಮಗೆ ನೂರಿನ್ನೂರು ವರ್ಷ ಯಾಕೆ ಬೇಕಾಯ್ತು?"

ಮೇಷ್ಟ್ರು ಅವತ್ತು ಮನೆಗೆ ಹೋಗಿ ಪಠ್ಯಪುಸ್ತಕವನ್ನು ತಿರುವಿಹಾಕಿದರು.

ಒಬ್ಬನನ್ನು ಮಾತ್ರ ಅವನು ನಿಲ್ಲಿಸಲಿಲ್ಲ. ಮೇಷ್ಟ್ರು ಒಮ್ಮೆ ಹೋದ ಶತಮಾನದ ಮಹಾಯುದ್ಧದ ಪುಸ್ತಕವೊಂದನ್ನು ಓದಲು ಕೊಟ್ಟಿದ್ದರು. ಅದರಲ್ಲಿ ಒಂದು ಫೋಟೋ: ಸರ್ವಾಧಿಕಾರಿಯೊಬ್ಬ ಕೂಡಿಹಾಕಿ ಕೊಲ್ಲಿಸಿದ ಜನರ ಕನ್ನಡಕಗಳ ರಾಶಿ. ರೇಣುಕಪ್ಪ ಮಾರನೆಯ ದಿನವೇ ಪುಸ್ತಕವನ್ನು ಹಿಂದಕ್ಕೆ ತಂದುಕೊಟ್ಟ. ಅವನತಿಗೆ ಕಾರಣಗಳನ್ನು ಓದಿದೆಯಾ ಎಂದು ಮೇಷ್ಟ್ರು ಕೇಳಿದರು. ಅಲ್ಲಿಯವರೆಗೆ ಹೋಗಲಾಗಲಿಲ್ಲ ಎಂದ. "ಇವನನ್ನ ನಿಲ್ಸಲ್ಲ ಮೇಷ್ಟ್ರೇ. ಆ ಗದ್ದೆ ಅಕ್ಕಿ ಉಂಬೋದು ನಾವು," ಎಂದು ಎದ್ದುಹೋದ. ನಗಲು ಬರುವ ಮೂರ್ಖತನ ಯಾವುದು, ನಗಬಾರದ್ದು ಯಾವುದು ಎಂಬ ಲೆಕ್ಕ ಅವನಲ್ಲಿ ಹೀಗೆ ಸ್ಪಷ್ಟವಾಗಿತ್ತು.

ಬೆರ್ಚಪ್ಪನ ವಿಷಯದಲ್ಲಿ ಅವನ ಮನೆತನಕ್ಕೆ ಒಂದು ಕಟ್ಟುಪಾಡಿತ್ತು. ಬೆರ್ಚಪ್ಪನಿಗೆ ಸ್ವಂತ ಮನೆಯ ಬಟ್ಟೆ ಹಾಕಬಾರದು. ಬೇರೆ ಮನೆಯಿಂದ ಬೇಡಿ ತರಬೇಕು. ನಮ್ಮ ಅಂಗಿ ತೊಟ್ಟವನು ನಮ್ಮ ಹಾಗೇ ತೂಕಡಿಸುತ್ತಾನೆ, ಕಾವಲು ಕಾಯುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದನಂತೆ. ಆದ್ದರಿಂದ ಪ್ರತಿ ವರ್ಷ ತೆನೆ ಕಾಣಿಸಿಕೊಂಡಾಗ ಅನ್ನಪೂರ್ಣಮ್ಮ ಒಂದು ಚೀಲ ಹಿಡಿದು ಯಾರಾದರೊಬ್ಬರ ಮನೆಗೆ ಹೋಗುತ್ತಿದ್ದಳು. ನೆಪೋಲಿಯನ್ ತೊಟ್ಟಿದ್ದ ಕೋಟು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರದು.

ಈಗ್ಗೆ ಕೆಲವು ವರ್ಷದ ಹಿಂದೆ ಆಕೆ ಹೋದದ್ದು ವನಮಾಲಾ ಅವರ ಮನೆಗೆ.

ವನಮಾಲಾ ಅವರ ಯಜಮಾನರು ಜಯದೇವಪ್ಪನವರು. ಊರಿನ ಕೆರೆಯ ನೀರು ಬಳಸುವವರ ಸಂಘಕ್ಕೆ ಬಹಳ ಕಾಲದಿಂದ ಅವರೇ ಅಧ್ಯಕ್ಷರು. ಕೆಟ್ಟ ಅಧ್ಯಕ್ಷರೆಂದು ಯಾರೂ ಹೇಳುವಂತಿಲ್ಲ. ಕೆರೆಯ ಹೂಳು ತೆಗೆಸಿದ್ದರು, ಕಾಲುವೆಗೆ ಕಲ್ಲು ಕಟ್ಟಿಸಿದ್ದರು. ತೂಬಿಗೆ ಬೀಗ ಹಾಕಿಸಿ, ಅದರ ಕೀಲಿಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಕೀಲಿ ಸೊಂಟಕ್ಕೆ ಬಂದ ಮೇಲೆ ಅವರ ನಡಿಗೆ ನಿಧಾನವಾಯಿತು, ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದಷ್ಟೂ ಎದುರಿನವರ ಮಾತು ಮೃದುವಾಯಿತು. ಊರಿನಲ್ಲಿ ಏನೇ ಸಮಾರಂಭವಾದರೂ ಅವರಿಗೊಂದು ಸನ್ಮಾನ: ಜರಿಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಹಣ್ಣು ಮನೆಯಲ್ಲಿ ಖರ್ಚಾಗುತ್ತಿತ್ತು. ಪೇಟಗಳು ಖರ್ಚಾಗುವ ವಸ್ತುವಲ್ಲ. ವನಮಾಲಾ ಅವರು ಪೆಟ್ಟಿಗೆ ಮುಚ್ಚಬೇಕಾದರೆ ಅದರ ಮೇಲೆ ಕೂರಬೇಕಾಗಿತ್ತು.

ಹೀಗಾಗಿ ಅನ್ನಪೂರ್ಣಮ್ಮ ಚೀಲ ಹಿಡಿದು ಬಂದದ್ದು ವನಮಾಲಾ ಅವರಿಗೆ ದೇವರೇ ಬಂದಂತಾಯಿತು. ಒಂದು ಪೇಟ, ಕೆಂಪಂಚಿನ ಒಂದು ಶಾಲು, ಎರಡು ಗಂಧದ ಹಾರ ಚೀಲಕ್ಕೆ ಹಾಕಿದರು. ಹೊಟ್ಟೆಗೆ ಗುಂಡಿ ಕೂರದೆ ಮೂಲೆ ಸೇರಿದ್ದ ಕಾಫಿ ಬಣ್ಣದ ಕೋಟನ್ನೂ ಅದರ ಮೇಲಿಟ್ಟರು. ಆ ಕೋಟು ತೊಟ್ಟೇ ಜಯದೇವಪ್ಪನವರು ಮೊದಲ ಸಲ ಅಧ್ಯಕ್ಷರಾದದ್ದು. ಅದು ಊರಿಗೆಲ್ಲ ಗೊತ್ತಿತ್ತು. ಆ ಹೊತ್ತಿಗೆ ಮಾತ್ರ ಇಬ್ಬರು ಹೆಂಗಸರಿಗೂ ನೆನಪಾಗಲಿಲ್ಲ.

ರೇಣುಕಪ್ಪ ಆ ವರ್ಷ ಮಾಡಹೊರಟದ್ದು ತಲೆ ಕಳೆದುಕೊಂಡ ಫ್ರಾನ್ಸಿನ ದೊರೆ ಲೂಯಿಯನ್ನು. ತಲೆಯಿಲ್ಲದ ದೊರೆಯನ್ನು ಮಾಡಿದರೆ ಪೇಟ ವ್ಯರ್ಥವಾಗುತ್ತದಲ್ಲ ಎಂದು ತಲೆಯನ್ನೂ ಇಟ್ಟ. ಕೋಟಿನೊಳಕ್ಕೆ ಹುಲ್ಲು ತುರುಕಿದ. ಹೊಟ್ಟೆ ತಾನಾಗಿಯೇ ಬಂತು. ಶಾಲು ಹೊದಿಸಿ, ಹಾರ ಹಾಕಿ, ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ, ಸರಿಯಾಗಿದೆಯೇ ಎಂದು ನೋಡಲು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದ. ಬರುತ್ತಿದ್ದ ಹಾಗೆ ಅವನ ಬಲಗೈ ತಾನಾಗಿಯೇ ಮೇಲೆದ್ದು ಹೆಗಲ ಮೇಲಿನ ಟವೆಲನ್ನು ಕೆಳಗಿಳಿಸಿತು.

ಕೈ ಮಾಡಿದ್ದನ್ನು ನೋಡಿದ ಮೇಲೆಯೇ ಗದ್ದೆಯಲ್ಲಿ ನಿಂತವರು ಯಾರೆಂದು ಅವನಿಗೆ ತಿಳಿದದ್ದು.

ಕಿತ್ತುಬಿಡಿ ಎಂದು ಅನ್ನಪೂರ್ಣಮ್ಮ ಅವತ್ತೇ ಹೇಳಿದಳು. ಆದರೆ ಅಷ್ಟು ಹೊತ್ತಿಗೆ ಬಸ್ಸಿನ ಡ್ರೈವರ್ ಗಾಡಿ ನಿಧಾನ ಮಾಡಿ ಕೈಯೆತ್ತಿ ಹೋಗಿದ್ದ. ಸಂಘದ ಸದಸ್ಯರೊಬ್ಬರು ಬೈಕು ನಿಲ್ಲಿಸಿ, ಕಾಲುವೆಯ ಒಂದು ತಕರಾರನ್ನು ಪೂರ್ತಿಯಾಗಿ ಹೇಳಿಕೊಂಡು, ಅಧ್ಯಕ್ಷರು ಬೇಡ ಅನ್ನಲಿಲ್ಲ ಎಂಬ ಸಮಾಧಾನದಲ್ಲಿ ಹೊರಟಿದ್ದರು. ಎರಡು ದಿನದಲ್ಲಿ ಅದು ಹುಲ್ಲಿನ ಗೊಂಬೆ ಎಂದು ಎಲ್ಲರಿಗೂ ಗೊತ್ತಾಯಿತು. ಆದರೂ ನಮಸ್ಕಾರ ನಿಲ್ಲಲಿಲ್ಲ. ನಗುತ್ತಲೇ ಮಾಡುತ್ತಿದ್ದರು, ಆದರೆ ಮಾಡುತ್ತಿದ್ದರು. ಇಂಥವನು ಕೈ ಮುಗಿಯದೆ ಹೋದ ಎಂದು ಯಾರಾದರೂ ಹೋಗಿ ಹೇಳಿಬಿಟ್ಟರೆ? ತಮಾಷೆಗೆ ಮುಗಿದರೂ ಮುಗಿದದ್ದೇ, ನಷ್ಟವೇನು ಎಂದು ಪ್ರತಿಯೊಬ್ಬರೂ ಯೋಚಿಸಿದ ಹಾಗೆ ಕಾಣುತ್ತದೆ. ಮೇಷ್ಟ್ರು ಇದನ್ನು ಕೇಳಿ ಬಹಳ ಗಂಭೀರವಾದರು. ರೇಣುಕಪ್ಪನ ನೂರಿನ್ನೂರು ವರ್ಷದ ಪ್ರಶ್ನೆಗೆ ಅವರಿಗೆ ಉತ್ತರ ಸಿಕ್ಕಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಮಂಗಗಳು ಬರಲಿಲ್ಲ. ದಿನವಿಡೀ ಗದ್ದೆಯ ಬದಿಯಲ್ಲಿ ಜನ ನಿಲ್ಲುತ್ತಿದ್ದರೆ ಅವು ಹೇಗೆ ಬಂದಾವು? ಆ ಗದ್ದೆಯಲ್ಲಿದ್ದದ್ದು ಗಂಧಸಾಲೆ ಭತ್ತ. ಬೇಯಿಸಿದರೆ ಬೀದಿಯ ತುದಿಯವರೆಗೆ ಪರಿಮಳ ಹೋಗುವ ಸಣ್ಣಕ್ಕಿ. ಊರಿನಲ್ಲಿ ಆ ಬೀಜ ಉಳಿದಿದ್ದದ್ದು ಅನ್ನಪೂರ್ಣಮ್ಮನ ಕಣಜದಲ್ಲಿ ಮಾತ್ರ. ಆಕೆಯ ತವರಿನಿಂದ ಬಂದದ್ದು. ಹಿಂದಿನ ವರ್ಷ ಮಂಗಗಳು ಹರಿದೆಸೆದು ಬೀಜಕ್ಕೆ ಸಾಕಾಗುವಷ್ಟೇ ಉಳಿದಿತ್ತು. ಈ ವರ್ಷವೂ ಹೋದರೆ ಬೀಜವೇ ಹೋದಂತೆ. ಹಾಗಾಗಿ ಕಿತ್ತುಬಿಡಿ ಎಂದ ಅನ್ನಪೂರ್ಣಮ್ಮನೇ ಮೂರನೆಯ ದಿನ, ಕೊಯ್ಲಿನವರೆಗೆ ಇರಲಿ ಬಿಡಿ ಎಂದಳು.

ರೇಣುಕಪ್ಪನಿಗೆ ಮಾತ್ರ ಬೇರೊಂದು ರುಚಿ ಹತ್ತಿತ್ತು. ಬೆಳಿಗ್ಗೆ ಎದ್ದು ಅಧ್ಯಕ್ಷರ ಶಾಲು ಸರಿಮಾಡುತ್ತಿದ್ದ. ಪೇಟದ ಮೇಲಿನ ಇಬ್ಬನಿ ಒರೆಸುತ್ತಿದ್ದ. ಆಮೇಲೆ ಮಾಳದ ಮೇಲೆ ಅಡಗಿ ಕೂತು ನಮಸ್ಕಾರಗಳನ್ನು ನೋಡುತ್ತಿದ್ದ. ಒಂದು ಮಧ್ಯಾಹ್ನ ಪಕ್ಕದ ಗದ್ದೆಯಲ್ಲಿ ಕೆಲಸಕ್ಕೆ ಬಂದ ಹೆಂಗಸರು ಅಂಚಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದರು. ಬಿಸಿಲಿಗೆ ಬೇಸತ್ತ ಮುಖಗಳು. ರೇಣುಕಪ್ಪನಿಗೆ ಏನನಿಸಿತೋ, ಅಧ್ಯಕ್ಷರ ಪರವಾಗಿ ಮಾಳದಿಂದ ಒಮ್ಮೆ ಕೆಮ್ಮಿದ. ಹೆಂಗಸರು ಅತ್ತ ನೋಡಿದರು, ಪೇಟ ಕಾಣಿಸಿತು, ಎಲೆಯನ್ನು ಹಾಗೆಯೇ ಮಡಿಸಿ ಸೆರಗಿಗೆ ಕಟ್ಟಿಕೊಂಡು ಮತ್ತೆ ಗದ್ದೆಗೆ ಇಳಿದರು.

ಮೊದಲು ಅವನಿಗೆ ನಗು ಬಂತು. ಆಮೇಲೆ ಬೆನ್ನಿನಲ್ಲೊಂದು ಸಣ್ಣ ಸುಖ ಹರಿಯಿತು. ಆಮೇಲೆ ಆ ಸುಖದ ಬಗ್ಗೆಯೇ ಹೆದರಿಕೆಯಾಯಿತು. ಅಷ್ಟು ಸಣ್ಣ ಕೆಮ್ಮಿಗೆ ಅಷ್ಟು ಬೆನ್ನುಗಳು ಬಗ್ಗಿದವಲ್ಲ. ಅವನು ಮಾಳದಿಂದ ಇಳಿದು, ಆ ಹೆಂಗಸರ ಹತ್ತಿರ ಹೋಗಿ, ಎಲೆ ಹಾಕಿಕೊಂಡೇ ಕೆಲಸ ಮಾಡಿ ಎಂದ. ಅವರು ಅವನ ಮಾತು ಕೇಳಲಿಲ್ಲ. ಅಧ್ಯಕ್ಷರು ನೋಡುತ್ತಿದ್ದಾರೆ ಎಂದು ನಕ್ಕರು. ಅವತ್ತು ಮನೆಗೆ ಬಂದವನು ಅವನತಿಗೆ ಕಾರಣಗಳನ್ನು ಓದಲಿಲ್ಲ.

ಅಷ್ಟರಲ್ಲಿ ಯಾರೋ ತೆಗೆದ ಫೋಟೋ ಫೋನಿನಿಂದ ಫೋನಿಗೆ ಹಾರಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಹೋಗಿ ಕೂತಿತು. ಗುಂಪಿನ ಅಡ್ಮಿನ್ ಜಯದೇವಪ್ಪನವರೇ.

ಅವರು ಏನೂ ಹೇಳಲಿಲ್ಲ. ಹೇಳದಿರುವುದೇ ಅವರ ರೀತಿ. ಆದರೆ ಕೆರೆಯ ನೀರಿನಲ್ಲಿ ರೇಣುಕಪ್ಪನ ಸರದಿ ಬಂದ ದಿನ ಕಾಲುವೆಯಲ್ಲಿ ನೀರು ಬರಲಿಲ್ಲ. ಬೇರೆಯವರ ಭತ್ತ ಆಗಲೇ ಹಣ್ಣಾಗಿತ್ತು, ಅವರಿಗೆ ನೀರು ಬೇಕಾಗಿರಲಿಲ್ಲ. ಗಂಧಸಾಲೆ ತಡವಾಗಿ ಬಲಿಯುವ ಭತ್ತ. ಕೊನೆಯದೊಂದು ನೀರು ಸಿಗದಿದ್ದರೆ ಹಾಲು ಒಣಗಿ ಜೊಳ್ಳಾಗುತ್ತದೆ. ರೇಣುಕಪ್ಪ ಎರಡು ದಿನ ಕಾದು ಅಧ್ಯಕ್ಷರ ಮನೆಗೆ ಹೋದ. ಅವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಇಳಿಸದೆಯೇ ಮಾತನಾಡಿದರು.

"ನಿನ್ನ ಗದ್ದೆಯಲ್ಲೇ ಅಧ್ಯಕ್ಷರು ನಿಂತಿದ್ದಾರಲ್ಲ ಮಾರಾಯ. ನೀರು ಅವರನ್ನೇ ಕೇಳು."

ಒಳಗೆ ಬಾಗಿಲ ಹಿಂದೆ ವನಮಾಲಾ ಅವರ ಬಳೆ ಸದ್ದಾಯಿತು.

ಗದ್ದೆ ಬಿರುಕು ಬಿಡತೊಡಗಿತು. ಅಧ್ಯಕ್ಷರನ್ನು ಕಿತ್ತರೆ ಮಂಗ ತಿನ್ನುತ್ತದೆ, ನಿಲ್ಲಿಸಿದರೆ ಬಿಸಿಲು ತಿನ್ನುತ್ತದೆ. ಅನ್ನಪೂರ್ಣಮ್ಮ ಎರಡು ಹೊತ್ತು ಕೊಡದಲ್ಲಿ ಬಾವಿಯ ನೀರು ಹೊತ್ತು ಒಂದು ಮೂಲೆಯ ಭತ್ತಕ್ಕಾದರೂ ಹಾಕಿದಳು. ಬೀಜಕ್ಕಾಗುವಷ್ಟಾದರೂ ಉಳಿಯಲಿ ಎಂದು. ಆಕೆ ಗಂಡನನ್ನು ಬೈಯಲೂ ಇಲ್ಲ. ಅದು ರೇಣುಕಪ್ಪನಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಅವನು ಮೇಷ್ಟ್ರ ಹತ್ತಿರ ಓಡಿದ.

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಅಧಿಕಾರದಲ್ಲಿರುವವರಿಗೆ ಅವಮಾನವಾಗುವುದು ಹೋಲಿಕೆಯಿಂದ, ಆದ್ದರಿಂದ ಹೋಲಿಕೆಯನ್ನು ಕೆಡಿಸಬೇಕು ಎಂದು ತೀರ್ಮಾನಿಸಿದರು. ಜಯದೇವಪ್ಪನವರಿಗೆ ಮೀಸೆಯಿಲ್ಲ. ಬೆರ್ಚಪ್ಪನಿಗೆ ಒಂದು ದೊಡ್ಡ ಮೀಸೆ ಅಂಟಿಸಿಬಿಟ್ಟರೆ ಅದು ಅಧ್ಯಕ್ಷರಲ್ಲ ಎಂದು ಯಾರಾದರೂ ಒಪ್ಪಲೇಬೇಕು. ರೇಣುಕಪ್ಪನಿಗೂ ಇದು ಸರಿಯೆನಿಸಿತು. ಸಂಜೆ ಮಬ್ಬಿನಲ್ಲಿ ಬಗನಿ ಮರದ ಕರಿಯ ನಾರನ್ನು ತಂದು, ಹಲಸಿನ ಅಂಟು ಹಚ್ಚಿ, ಎರಡು ಕೆನ್ನೆ ತುಂಬುವಂಥ ಮೀಸೆಯನ್ನು ಮಡಕೆಗೆ ಕೂರಿಸಿ ಮನೆಗೆ ಬಂದ. ಬೆಳಿಗ್ಗೆ ಬೆಳಕು ಹರಿಯುತ್ತಿದ್ದಂತೆ ದಾರಿಯಿಂದಲೇ ಅತ್ತ ನೋಡಿ, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ.

ಗದ್ದೆಯಲ್ಲಿ ಈಗ ನಿಂತಿದ್ದವರು ಜಯದೇವಪ್ಪನವರ ತೀರಿಹೋದ ತಂದೆ, ಹಳೆಯ ಪಟೇಲರು.

ಪಟೇಲರು ಬದುಕಿದ್ದ ಕಾಲದಲ್ಲಿ ಅವರ ಮನೆಯ ಮುಂದೆ ಹಾದುಹೋಗುವವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ಬೇಲಿ ದಾಟಿದ ಎಮ್ಮೆಗಾಗಿ ಒಬ್ಬನನ್ನು ಇಡೀ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. ರೇಣುಕಪ್ಪ ಚಿಕ್ಕವನಿದ್ದಾಗ ಅವರನ್ನು ಕಂಡು ಬೇಲಿಯ ಹಿಂದೆ ಅಡಗಿದ್ದುಂಟು. ಅಧ್ಯಕ್ಷರನ್ನು ಗೇಲಿ ಮಾಡಿದ್ದಕ್ಕೆ ಕ್ಷಮೆ ಸಿಗಬಹುದಾಗಿತ್ತು. ಅವರ ಅಪ್ಪನನ್ನು ಮಂಗ ಕಾಯಲು ನಿಲ್ಲಿಸಿದ್ದಕ್ಕೆ ಸಿಗುವುದಿಲ್ಲ. ಅವನು ಮೀಸೆ ಕೀಳಲು ಗದ್ದೆಯ ಕಡೆಗೆ ಓಡಿದ. ಓಡುವಷ್ಟರಲ್ಲಿ ಅಂಚಿನ ಮೇಲೆ ಒಬ್ಬರು ಬಂದಾಗಿತ್ತು.

ಲುಂಗಿ, ಬನಿಯನ್, ಇಬ್ಬನಿಗೆ ತಲೆಗೆ ಸುತ್ತಿದ ಟವೆಲ್. ಜಯದೇವಪ್ಪನವರು ಮಾತಿಲ್ಲದೆ ಕೆಲಸ ಮುಗಿಸುವ ರೀತಿಯನ್ನು ಬಿಟ್ಟು, ಬೆರ್ಚಪ್ಪನನ್ನು ತಮ್ಮ ಕೈಯಾರೆ ಕೀಳಲು ಬೆಳ್ಳಂಬೆಳಿಗ್ಗೆ ಯಾರೂ ಕಾಣದ ಹೊತ್ತಿಗೆ ಬಂದಿದ್ದರು. ಕೈಯಲ್ಲಿ ಕತ್ತಿ. ಆದರೆ ಅವರು ಕತ್ತಿಯನ್ನು ಎತ್ತಿರಲಿಲ್ಲ. ಮಂಜಿನೊಳಗಿಂದ ದಿಟ್ಟಿಸುತ್ತಿದ್ದ ಆ ಮೀಸೆಯ ಎದುರು ಸುಮ್ಮನೆ ನಿಂತಿದ್ದರು. ರೇಣುಕಪ್ಪ ನೋಡುತ್ತಿದ್ದಂತೆಯೇ ಅವರ ಬಲಗೈ ತಾನಾಗಿಯೇ ಮೇಲೆದ್ದು ತಲೆಯ ಟವೆಲನ್ನು ಬಿಚ್ಚಿ ಕೆಳಗಿಳಿಸಿತು.

ಆ ಕೈಯನ್ನು ರೇಣುಕಪ್ಪ ಗುರುತಿಸಿದ. ಅವನ ಕೈಯೂ ಅದೇ ದಾರಿಯಲ್ಲಿ ಹೋಗಿ ಬಂದದ್ದು. ಅವನ ಹೆದರಿಕೆ ಅರ್ಧಕ್ಕೆ ಇಳಿಯಿತು.

ಅಷ್ಟರಲ್ಲಿ ಡೇರಿಗೆ ಹಾಲು ಒಯ್ಯುವ ಕಮಲ ಕ್ಯಾನು ಹಿಡಿದು ಬಂದಳು. ಅವಳು ದಿನಾ ಬೆಳಿಗ್ಗೆ ಗದ್ದೆಯ ಅಧ್ಯಕ್ಷರಿಗೆ ಕೈ ಮುಗಿದೇ ಮುಂದೆ ಹೋಗುವವಳು. ಇವತ್ತು ಯಾರೋ ಬನಿಯನ್ನಿನ ಮನುಷ್ಯ ಬೆನ್ನು ಮಾಡಿ ಅಡ್ಡ ನಿಂತಿದ್ದ.

"ಚೂರು ಆಚೆ ನಿಲ್ಲು ಮಾರಾಯ," ಎಂದಳು ಕಮಲ. "ಅಧ್ಯಕ್ಷರೇ ಕಾಣ್ತಿಲ್ಲ."

ಜಯದೇವಪ್ಪನವರು ಸರಿದು ನಿಂತರು. ಕಮಲ ಒಂದು ಕೈಯಲ್ಲೇ ನಮಸ್ಕಾರ ಒಪ್ಪಿಸಿ, ಮೀಸೆ ಅಧ್ಯಕ್ಷರಿಗೆ ಒಳ್ಳೆ ಒಪ್ಪುತ್ತದೆ ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ ಹೋದಳು. ಸರಿಸಿದವಳು ಯಾರನ್ನು ಸರಿಸಿದಳೆಂದು ತಿರುಗಿಯೂ ನೋಡಲಿಲ್ಲ.

ಇನ್ನೇನು ಕತ್ತಿ ಎತ್ತುತ್ತಾರೆ ಎಂದುಕೊಂಡ ರೇಣುಕಪ್ಪ. ಅವರು ಅಂಚಿನ ಮೇಲೆ ಕೂತುಬಿಟ್ಟರು. ಭುಜ ಕುಲುಕುತ್ತಿದ್ದದ್ದು ನಗೆಯಿಂದಲೋ ಚಳಿಯಿಂದಲೋ ಎಂದು ಮೊದಲು ತಿಳಿಯಲಿಲ್ಲ. ನಗೆಯಿಂದಲೇ.

"ಅಪ್ಪನ ಎದುರು ನಾನು ಕೂತದ್ದೇ ಇಲ್ಲ ಕಣಾ ರೇಣುಕಪ್ಪ," ಎಂದರು ಕೊನೆಗೆ. "ಇವತ್ತೇ ಮೊದಲು."

ರೇಣುಕಪ್ಪ ಸ್ವಲ್ಪ ದೂರದಲ್ಲಿ ತಾನೂ ಕೂತ. ಅವರ ಮಾತು ಬಹಳ ದಿನ ಕಟ್ಟಿದ್ದ ಕಾಲುವೆಯ ಹಾಗೆ ಬಂತು. ಅಪ್ಪನಿಗೆ ಮಗ ಅಳುವುದು ಆಗಿಬರುತ್ತಿರಲಿಲ್ಲವಂತೆ. ಅತ್ತರೆ ಹೊಡೆತ, ಹೊಡೆದದ್ದಕ್ಕೆ ಅತ್ತರೆ ಮತ್ತೆ ಹೊಡೆತ. ಆಗ ತೂಬಿಗೆ ಬೀಗವಿರಲಿಲ್ಲ, ಅಪ್ಪನ ಮಾತೇ ಬೀಗ. ನೀರು ಬಿಟ್ಟವನನ್ನು ಊರು ಮರೆಯುತ್ತದೆ, ಬಿಡದವನನ್ನು ನೆನಪಿಟ್ಟುಕೊಳ್ಳುತ್ತದೆ ಎಂದು ಹೇಳಿಕೊಟ್ಟಿದ್ದರಂತೆ.

"ನೆನಪಿಟ್ಟುಕೊಳ್ತದೆ ಅಣ್ಣ," ಎಂದ ರೇಣುಕಪ್ಪ. ಅಧ್ಯಕ್ಷರೇ ಎನ್ನುವುದು ಹೇಗೋ ಬಿಟ್ಟುಹೋಗಿತ್ತು. "ಪಾಠದ ಕೊನೇ ಪುಟದಲ್ಲಿ."

ಹಾಗೆಂದರೇನೆಂದು ಅವರು ಕೇಳಿದರು. ಅವನು ಅವನತಿಗೆ ಕಾರಣಗಳ ವಿಷಯ ಹೇಳಿದ. ಕೆಮ್ಮಿದ ವಿಷಯವನ್ನೂ ಹೇಳಿದ, ಎಲೆ ಮಡಿಸಿಕೊಂಡ ಹೆಂಗಸರ ವಿಷಯವನ್ನೂ ಹೇಳಿದ. ಕೋಟು ಅಧ್ಯಕ್ಷರದು, ಆದರೆ ಕೆಮ್ಮು ತನ್ನದೇ ಎಂದ. ಜಯದೇವಪ್ಪನವರು ಬಿರುಕು ಬಿಟ್ಟ ಗದ್ದೆಯನ್ನು ನೋಡಿದರು. ಬಾವಿಯ ನೀರು ಹಾಕಿ ಒಂದು ಮೂಲೆ ಮಾತ್ರ ಒದ್ದೆಯಾಗಿದ್ದದ್ದನ್ನೂ ನೋಡಿದರು. ಎದ್ದು ಹೋಗಿ ಬೆರ್ಚಪ್ಪನ ಮೈಯಿಂದ ಕೋ‌ಟು ಬಿಚ್ಚಿ, ಹುಲ್ಲು ಕೊಡವಿ, ಬನಿಯನ್ನಿನ ಮೇಲೆ ತೊಟ್ಟುಕೊಂಡರು. ಗುಂಡಿ ಹೊಟ್ಟೆಯ ಹತ್ತಿರ ಬಂದು ನಿಂತಿತು. ಉಸಿರು ಹಿಡಿದರೂ ಕೂರಲಿಲ್ಲ. ಬಿಚ್ಚಿ, ಮತ್ತೆ ಬೆರ್ಚಪ್ಪನಿಗೇ ತೊಡಿಸಿ, ಕಾಲರ್ ಸರಿಮಾಡಿದರು.

"ಇವನಿಗಾದ್ರೂ ಆಗ್ತದೆ, ಇರ್ಲಿ. ನೀರು ಬಿಡ್ತೀನಿ. ಮೀಸೆ ಮಾತ್ರ ಕಿತ್ತುಬಿಡು ಮಾರಾಯ. ಅಪ್ಪ ನೋಡ್ತಾ ಇದ್ರೆ ನನ್ನ ಕೈ ತೂಬಿಗೆ ಹೋಗಲ್ಲ."

ಹಲಸಿನ ಅಂಟು ಬಿಡಿಸುವುದು ಸುಲಭವಲ್ಲ. ಒಬ್ಬರು ಮಡಕೆ ಹಿಡಿದುಕೊಂಡರು, ಇನ್ನೊಬ್ಬ ಎಳೆದ. ಮೀಸೆಯ ಜೊತೆ ಒಂದು ಚೂರು ಕೆನ್ನೆಯೂ ಬಂತು. ಬಿಸಿಲೇರುವ ಹೊತ್ತಿಗೆ ಕಾಲುವೆಯಲ್ಲಿ ನೀರು ಸದ್ದು ಮಾಡುತ್ತ ಬಂದು, ಬಿರುಕುಗಳೊಳಗೆ ಇಳಿದು, ಅನ್ನಪೂರ್ಣಮ್ಮನ ಪಾದದವರೆಗೆ ಹರಿಯಿತು. ಆಕೆ ಕೊಡವನ್ನು ಅಲ್ಲೇ ಬೋರಲು ಹಾಕಿ ಅದರ ಮೇಲೆ ಕೂತಳು.

ಆ ವರ್ಷದ ಹೊಸ ಅಕ್ಕಿ ವನಮಾಲಾ ಅವರ ಮನೆಗೂ ಹೋಯಿತು, ಮೇಷ್ಟ್ರ ಮನೆಗೂ ಬಂತು. ಮೀಸೆಯ ಸಲಹೆ ಕೊಟ್ಟವರಿಗೆ ಅರ್ಧ ಸೇರು ಕಡಿಮೆ ಕೊಡಬೇಕಾಗಿತ್ತು ಎಂದು ಅನ್ನಪೂರ್ಣಮ್ಮ ಹೇಳಿ ಕಳಿಸಿದ್ದಳು.

ಜಯದೇವಪ್ಪನವರು ಇವತ್ತಿಗೂ ಅಧ್ಯಕ್ಷರೇ. ಕೀಲಿ ಇವತ್ತಿಗೂ ಅವರ ಸೊಂಟದಲ್ಲೇ ಇದೆ. ಮಾತು ಮಾತ್ರ ಸ್ವಲ್ಪ ಹೆಚ್ಚಾಗಿದೆ, ಕೆಲವರಿಗೆ ಅದು ಕಿರಿಕಿರಿ. ಸನ್ಮಾನದ ಪೇಟಗಳನ್ನು ಈಗ ನೇರವಾಗಿ ರೇಣುಕಪ್ಪನ ಮನೆಗೇ ಕಳಿಸುತ್ತಾರೆ. ಶ್ರೀಕಾಂತ ಮೇಷ್ಟ್ರು ನಿವೃತ್ತರಾಗಿ ಕೊಪ್ಪದಲ್ಲಿದ್ದಾರೆ. ಅವರು ಆಗಾಗ ಬಸ್ಸು ಹತ್ತಿ ಕಡಹಿನಬೈಲಿಗೆ ಬಂದು ಮಾಳದ ಮೇಲೆ ಕೂರುತ್ತಾರೆ.

ರೇಣುಕಪ್ಪ ಈಚಿನ ವರ್ಷಗಳಲ್ಲಿ ಚಕ್ರವರ್ತಿಗಳನ್ನು ಮಾಡುವುದನ್ನು ಬಿಟ್ಟಿದ್ದಾನೆ. ಅಂಗಾತ ಇಟ್ಟ ಪೇಟಗಳಲ್ಲಿ ಅನ್ನಪೂರ್ಣಮ್ಮ ಬಟಾಣಿ ಒಣಗಿಸುತ್ತಾಳೆ. ಈ ಸಲ ಅಜ್ಜನ ಕಟ್ಟುಪಾಡನ್ನು ಮುರಿದು, ಬೆರ್ಚಪ್ಪನಿಗೆ ತನ್ನದೇ ಹಳೆಯ ನೀಲಿ ಅಂಗಿ ತೊಡಿಸಿ, ತನ್ನದೇ ಟವೆಲನ್ನು ಹೆಗಲಿಗೆ ಹಾಕಿ ನಿಲ್ಲಿಸಿದ್ದಾನೆ. ಅಜ್ಜ ಹೇಳಿದ್ದು ನಿಜವಾಯಿತು. ಬೆರ್ಚಪ್ಪ ಮೊದಲ ಗಾಳಿಗೇ ಒಂದು ಕಡೆಗೆ ವಾಲಿ ತೂಕಡಿಸುತ್ತಾನೆ. ಗಡವ ಬಂದು ಅವನ ಹೆಗಲ ಮೇಲೆ ಕೂತು ಹೇನು ಹುಡುಕುತ್ತದೆ. ಹಾಗಾಗಿ ರೇಣುಕಪ್ಪ ದಿನವಿಡೀ ಮಾಳದ ಮೇಲೆ ತಗಡಿನ ಡಬ್ಬ ಬಡಿಯುತ್ತ ಕೂರಬೇಕಾಗಿದೆ. ಪಕ್ಕದಲ್ಲಿ ಒಂದು ಪುಸ್ತಕವಿರುತ್ತದೆ. ಈಗ ಅದನ್ನು ಮೊದಲಿನಿಂದ ಓದುತ್ತಿದ್ದಾನೆ.

ಬೆರ್ಚಪ್ಪನಿಗೆ ಯಾರೂ ಕೈ ಮುಗಿಯುವುದಿಲ್ಲ. ಹಾಲಿನ ಕ್ಯಾನು ಹಿಡಿದು ಹೋಗುವ ಕಮಲ ಅದನ್ನೇ ರೇಣುಕಪ್ಪನೆಂದುಕೊಂಡು, ಕಾಫಿ ಆಯ್ತನಾ ಮಾರಾಯ್ರೆ ಎಂದು ಕೇಳಿ, ನಿಲ್ಲದೆ ನಡೆಯುತ್ತಾಳೆ. ಮಾಳದ ಮೇಲಿನಿಂದ ಅವನು ಕೂಡಲೇ, ಆಯ್ತು ಕಮಲ, ನಿಂದಾಯ್ತಾ ಎಂದು ಕೂಗುತ್ತಾನೆ. ಒಂದು ಗಳಿಗೆಯೂ ತಡಮಾಡುವುದಿಲ್ಲ. ಉತ್ತರ ಬರಲಿಲ್ಲವೆಂದು ಅವಳೆಲ್ಲಿ ಮರ್ಯಾದೆ ಕೊಡಲು ಶುರುಮಾಡುತ್ತಾಳೋ ಎಂಬ ಹೆದರಿಕೆ ಅವನಿಗೆ.